ಮುಟ್ಟಿ ನೋಡಿ, ಆಮೇಲೆ ಸ್ವಿಚ್ ಹಾಕಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ ಬೇರೆ. ‘ನೀನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು’ ಎಂದಿದ್ದರು. ಕಂಪ್ಯೂಟರ್ ಬಗ್ಗೆ ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಅವರ ಒಪ್ಪಿಗೆ ಪಡೆದು ನಾನು ಗರಗಸದ ಬಗ್ಗೆ ಮಾತನಾಡುತ್ತೇನೆ. ಕಣ್ಣು ಕಾಣದ ಬಡಗಿಯೊಬ್ಬರು ಕರೆಂಟಿನಿಂದ ಓಡುವ ಗರಗಸವನ್ನು ಬೆರಳು ಕಳೆದುಕೊಳ್ಳದೆ ಬಳಸುವುದು ಹೇಗೆ ಎಂಬುದೇ ನನ್ನ ವಿಷಯ. ಆ ಬಡಗಿ ನನ್ನ ಅಪ್ಪ. ನಾಲ್ಕನೇ ಸಾಲಿನಲ್ಲಿ ಅಮ್ಮನ ಪಕ್ಕ ಕುಳಿತಿದ್ದಾರೆ. ನಾನು ತಪ್ಪು ಹೇಳಿದರೆ ಅಲ್ಲಿಂದಲೇ ಕೆಮ್ಮುತ್ತಾರೆ.

ಬೇಗೂರಿನ ಹಳಬರಿಗೆ ಅಪ್ಪನ ಕೆಲಸ ಗೊತ್ತು. ಇಲ್ಲಿ ರಾಗಿ ಹೊಲಗಳಿದ್ದ ಕಾಲದಲ್ಲಿ ಬಾಗಿಲು, ಕಿಟಕಿ, ಹೊಸಿಲು ಮಾಡುತ್ತಿದ್ದರು. ಆಮೇಲೆ ಹೊಲಗಳಿದ್ದ ಕಡೆ ಅಪಾರ್ಟ್‌ಮೆಂಟ್‌ಗಳು ಎದ್ದವು. ತೇಗ, ಹೊನ್ನೆ, ಹಲಸಿನ ಹಲಗೆ ಹಿಡಿದ ಕೈ ಪ್ಲೈವುಡ್ ಹಿಡಿಯಿತು. ಉಳಿ, ಕೊಡತಿಯ ಜೊತೆಗೆ ಕಟ್ಟಿಂಗ್ ಮಷೀನ್ ಬಂತು. ನನ್ನ ಬಿ.ಇ. ಫೀಸು ಕಟ್ಟಿದ್ದು ಆ ಮಷೀನ್.

ಸುಮಾರು ಎಂಟು ವರ್ಷದ ಹಿಂದೆ ಅಪ್ಪ ನಡೆಯುವಾಗ ಬಾಗಿಲ ಚೌಕಟ್ಟಿಗೆ ಭುಜ ತಗಲಿಸಿಕೊಳ್ಳತೊಡಗಿದರು. ತಾವೇ ಮಾಡಿದ ಚೌಕಟ್ಟು! ವಯಸ್ಸಾಯಿತು ಎಂದು ನಾವು ನಕ್ಕೆವು. ಕಣ್ಣಿನ ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಅದು ಗ್ಲಾಕೋಮಾ. ಈ ಕಾಯಿಲೆಯಲ್ಲಿ ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನವಾಗಿ ಹಾಳಾಗುತ್ತದೆ. ಹೆಚ್ಚಿನವರಿಗೆ ನೋವಿರುವುದಿಲ್ಲ. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಎದುರಿನದು ಕಾಣುತ್ತಲೇ ಇರುವುದರಿಂದ ಗೊತ್ತಾಗುವುದಿಲ್ಲ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿ, ಶಸ್ತ್ರಚಿಕಿತ್ಸೆಯಿಂದ ಕಾಪಾಡಿಕೊಳ್ಳಬಹುದು. ಹತ್ತಿರದ ಸಂಬಂಧಿಕರಿಗೆ ಬರುವ ಸಂಭವವೂ ಹೆಚ್ಚು. ಅದಕ್ಕೇ ನಾನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ. ಇಲ್ಲಿರುವ ನಲವತ್ತು ದಾಟಿದವರೆಲ್ಲ ಒಮ್ಮೆ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ನನ್ನ ಭಾಷಣದಲ್ಲಿ ಇದೊಂದೇ ಮಾತು ನೆನಪಿಟ್ಟುಕೊಂಡರೂ ಸಾಕು.

ಮೂರು ವರ್ಷದಲ್ಲಿ ಅಪ್ಪನಿಗೆ ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ಉಳಿಯಿತು. ಆದರೂ ಮನೆ ಹಿಂದಿನ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಅಲ್ಲಿದ್ದದ್ದು ನಮ್ಮ ಕಡೆ ಬಹಳ ಬಡಗಿಗಳು ಮಾಡಿಕೊಳ್ಳುವ ಟೇಬಲ್. ಕೈಯಲ್ಲಿ ಹಿಡಿಯುವ ಕಟ್ಟಿಂಗ್ ಮಷೀನನ್ನು ತಲೆಕೆಳಗಾಗಿ ಪ್ಲೈವುಡ್ ಹಲಗೆಯ ಅಡಿಗೆ ಬಿಗಿದು, ಬ್ಲೇಡನ್ನು ಸೀಳಿನಿಂದ ಮೇಲೆ ತರುವುದು. ಮೇಲಿನ ಗಾರ್ಡ್ ತೆಗೆದಿರುತ್ತಾರೆ. ಸ್ವಿಚ್ಚನ್ನು ಒತ್ತಿಯೇ ಇರುವಂತೆ ತಂತಿಯಿಂದ ಕಟ್ಟಿರುತ್ತಾರೆ.

ಒಂದು ಭಾನುವಾರ ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ರೀಪು ಕೊಯ್ಯುತ್ತಿದ್ದರು. ಕರೆಂಟ್ ಹೋಯಿತು. ಬ್ಲೇಡಿನ ಸದ್ದು ಇಳಿದು ಇಳಿದು ನಿಂತಿತು. ಸದ್ದು ನಿಂತರೆ ಬ್ಲೇಡ್ ನಿಂತಂತೆ, ಅದು ಅವರ ಲೆಕ್ಕ. ಸಿಕ್ಕಿಕೊಂಡಿದ್ದ ತುಂಡನ್ನು ತೆಗೆಯಲು ಕೈ ಚಾಚಿದರು. ಅಷ್ಟರಲ್ಲಿ ಅಮ್ಮ ಕಾಫಿಗೆ ಕರೆದರು, ಅಪ್ಪ ಆ ಕಡೆ ತಿರುಗಿದರು. ಕರೆಂಟ್ ಬಂತು. ತುಂಡು ಹಾರಿ ಗೋಡೆಗೆ ಬಡಿದು ಗಾರೆ ಉದುರಿತು. ಅಪ್ಪನಿಗೆ ಏನೂ ಆಗಲಿಲ್ಲ. ನನಗೆ ಕೈಕಾಲು ನಡುಗಿ ಅಲ್ಲೇ ಕುಳಿತುಬಿಟ್ಟೆ.

ಅವತ್ತು ಸಾಯಂಕಾಲವೇ ಮಷೀನಿನ ವೈರು ಕತ್ತರಿಸಿ, ಶೆಡ್ಡಿಗೆ ಬೀಗ ಹಾಕಿ, ಬೀಗದ ಕೈ ಆಫೀಸಿಗೆ ತೆಗೆದುಕೊಂಡು ಹೋದೆ. ಅಪ್ಪ ಏನೂ ಹೇಳಲಿಲ್ಲ. ಏಳು ತಿಂಗಳು ಜಗಲಿಯ ಮೇಲೆ ಕುಳಿತರು. ಬೆಳಿಗ್ಗೆ ಕುಳಿತವರು ಊಟಕ್ಕೆ ಏಳುತ್ತಿದ್ದರು. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಜಗಲಿಯ ಅಂಚನ್ನು ಸವರುತ್ತಾ ಇರುತ್ತಿದ್ದರು. ಅವರನ್ನು ಕಾಪಾಡಿದೆ ಎಂಬ ನೆಮ್ಮದಿಯಲ್ಲಿ ನಾನಿದ್ದೆ.

ಆಫೀಸಿನಲ್ಲಿ ನನ್ನ ಜೊತೆ ಒಬ್ಬರು ಕೆಲಸ ಮಾಡುತ್ತಾರೆ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಬಳಸುತ್ತಾರೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು ಶುರು ಮಾಡಿದರು, ಅವರಿಗೂ ಕಣ್ಣು ಕಾಣದು. ನಾನು ಶೆಡ್ಡಿನ ಕತೆ ಹೇಳಿದಾಗ ಸಹೋದ್ಯೋಗಿ ಎರಡೇ ಪ್ರಶ್ನೆ ಕೇಳಿದರು. ‘ಅಪ್ಪನನ್ನು ಕೇಳಿದಿರಾ? ಕಣ್ಣು ಕಾಣುವವರಿಗಾದರೂ ಆ ಟೇಬಲ್ ಸರಿಯಿತ್ತಾ?’

ಎರಡನೇ ಪ್ರಶ್ನೆ ನನ್ನನ್ನು ರಾತ್ರಿಯಿಡೀ ಕಾಡಿತು. ಮಕ್ಕಳೇ, ಇಲ್ಲಿ ನೀವು ಕಲಿತ ಲೆಕ್ಕವೇ ಉತ್ತರ ಕೊಡುತ್ತದೆ. ಬ್ಲೇಡಿನ ವ್ಯಾಸ 18 ಸೆಂ.ಮೀ. ಪರಿಧಿ ಎಷ್ಟು? ವ್ಯಾಸವನ್ನು 3.14ರಿಂದ ಗುಣಿಸಿ. ಸುಮಾರು 56 ಸೆಂ.ಮೀ. ನಿಮಿಷಕ್ಕೆ 5000 ಸುತ್ತು ಎಂದು ಹಿಡಿಯಿರಿ. ಅಂಚಿನಲ್ಲಿರುವ ಒಂದು ಹಲ್ಲು ಸೆಕೆಂಡಿಗೆ ಸುಮಾರು 47 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ ಹತ್ತಿರ ಹತ್ತಿರ 170 ಕಿ.ಮೀ. ಅಪಾಯವನ್ನು ಕಣ್ಣಿನಿಂದ ನೋಡಿ ಕೈ ಹಿಂದೆಳೆಯಲು ಮನುಷ್ಯನಿಗೆ ಕಡಿಮೆ ಎಂದರೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಬ್ಲೇಡ್ 16 ಸುತ್ತು ಮುಗಿಸಿರುತ್ತದೆ. 40 ಹಲ್ಲಿನ ಬ್ಲೇಡಾದರೆ 600ಕ್ಕೂ ಹೆಚ್ಚು ಹಲ್ಲುಗಳು ಬೆರಳಿನ ಮೇಲೆ ಹಾದುಹೋಗಿರುತ್ತವೆ.

ಹಾಗಾದರೆ ಬ್ಲೇಡ್ ಓಡತೊಡಗಿದ ಮೇಲೆ ಕಣ್ಣು ಯಾರನ್ನೂ ಕಾಪಾಡುವುದಿಲ್ಲ. ಬೆರಳು ಕಳೆದುಕೊಂಡ ಬಡಗಿಗಳು ಬೇಗೂರಿನಲ್ಲೇ ಇದ್ದಾರೆ, ಅವರಿಗೆಲ್ಲ ಕಣ್ಣು ಚೆನ್ನಾಗಿತ್ತು. ಕೈಯನ್ನು ಕಾಪಾಡುವುದು ಸ್ವಿಚ್ ಹಾಕುವ ಮೊದಲು ಮಾಡಿದ ಏರ್ಪಾಡು. ಆ ಏರ್ಪಾಡನ್ನೆಲ್ಲ, ಬ್ಲೇಡ್ ನಿಂತಿರುವಾಗ, ಕೈಯಿಂದ ಮುಟ್ಟಿ ಮಾಡಬಹುದು.

ಈ ಶಾಲೆಯಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ನಾಗೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಬೆಂಗಳೂರಿನ ಹೆಸರಿರುವ, ಕ್ರಿ.ಶ. 890ರ ಸುಮಾರಿನ ಶಾಸನ ತೋರಿಸಿದ್ದರು. ಹಳಗನ್ನಡದ ಅಕ್ಷರ ನಮಗೆ ಓದಲು ಬರಲಿಲ್ಲ. ‘ಓದಕ್ಕಾಗದಿದ್ರೆ ಮುಟ್ಟಿ ನೋಡ್ರೋ’ ಎಂದರು. ನಮ್ಮ ಭಾಷೆ ಎಷ್ಟು ದೊಡ್ಡ ಮನಸ್ಸಿನದು ನೋಡಿ. ಮುಟ್ಟಿ ನೋಡು, ಮೂಸಿ ನೋಡು, ಕೇಳಿ ನೋಡು, ರುಚಿ ನೋಡು ಎನ್ನುತ್ತೇವೆ. ನೋಡುವ ಕೆಲಸವನ್ನು ಕನ್ನಡ ಕಣ್ಣಿಗೆ ಮಾತ್ರ ಬಿಟ್ಟುಕೊಟ್ಟಿಲ್ಲ.

ಮಾರನೇ ದಿನ ಅಪ್ಪನ ಮುಂದೆ ಕುಳಿತು, ತಪ್ಪಾಯಿತು ಎಂದು ಹೇಳಿ, ಮೊದಲ ಪ್ರಶ್ನೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಲೋ, ನಾನೇನು ಬ್ಲೇಡ್ ನೋಡ್ಕೊಂಡು ಕುಯ್ತಿದ್ದೆ ಅಂದ್ಕೊಂಡಿದ್ಯಾ? ಗೆರೆ ನೋಡ್ತಿದ್ದೆ. ಗೆರೆಗೆ ಬದಲು ಏನಾದ್ರೂ ಕೊಡು, ಮಿಕ್ಕಿದ್ದು ನಾನು ನೋಡ್ಕೋತೀನಿ’ ಎಂದರು. ಇಷ್ಟು ಸರಿಯಾಗಿ ಬೇಡಿಕೆ ಹೇಳುವ ಗ್ರಾಹಕ ನನಗೆ ಆಫೀಸಿನಲ್ಲಿ ಸಿಕ್ಕಿಲ್ಲ.

ನಾವು ಮಾಡಿಕೊಂಡದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಮಷೀನ್ ಬದಲಾಯಿಸಿದೆವು. ಟೇಬಲ್ಲಿನಲ್ಲಿ ಬ್ಲೇಡ್ ಒಂದೇ ಕಡೆ ಇರುತ್ತದೆ, ಮರವನ್ನು ಕೈ ಅದರತ್ತ ತಳ್ಳಬೇಕು. ಅಂದರೆ ಕೈಯೇ ಅಪಾಯದ ಕಡೆ ಹೋಗುತ್ತದೆ. ಮೈಟರ್ ಸಾ ಎಂಬ ಯಂತ್ರದಲ್ಲಿ ಮರ ಬಿಗಿಯಾಗಿ ಕುಳಿತಿರುತ್ತದೆ, ಬ್ಲೇಡ್ ಮೇಲಿನಿಂದ ಗೊತ್ತಾದ ದಾರಿಯಲ್ಲಿ ಇಳಿದು ಅದೇ ದಾರಿಯಲ್ಲಿ ಮೇಲೇರುತ್ತದೆ. ಮೇಲೇರಿದಾಗ ಗಾರ್ಡ್ ತಾನಾಗಿ ಬ್ಲೇಡನ್ನು ಮುಚ್ಚುತ್ತದೆ. ಸ್ವಿಚ್ ಬಿಟ್ಟರೆ ಕರೆಂಟ್ ಕಡಿಯುತ್ತದೆ. ಅದನ್ನು ಕಟ್ಟುವುದೂ ಇಲ್ಲ, ಗಾರ್ಡ್ ಬಿಚ್ಚುವುದೂ ಇಲ್ಲ. ಯಂತ್ರವನ್ನು ಬೆಂಚಿಗೆ ಬೋಲ್ಟ್ ಹಾಕಿ ಬಿಗಿದೆವು.

ಎರಡನೆಯದು ಎಡಗೈ ಗೂಟ. ಬ್ಲೇಡಿನ ದಾರಿಯಿಂದ ಒಂದೂವರೆ ಅಡಿ ದೂರದಲ್ಲಿ ಬೆಂಚಿಗೆ ಒಂದು ಮರದ ಗೂಟ ಹೊಡೆದಿದ್ದೇವೆ. ಕೊಯ್ಯುವಾಗ ಬಲಗೈ ಹಿಡಿಯ ಮೇಲೆ, ಎಡಗೈ ಗೂಟದ ಮೇಲೆ. ಮರವನ್ನು ಹಿಡಿಯುವುದು ಕ್ಲ್ಯಾಂಪ್. ಎಡಗೈ ಗೂಟದ ಮೇಲಿದ್ದಷ್ಟು ಹೊತ್ತು ಅದು ಬ್ಲೇಡಿನ ಬಳಿ ಇರಲು ಸಾಧ್ಯವೇ ಇಲ್ಲ. ಕೈ ಎಲ್ಲಿದೆ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ.

ಮೂರನೆಯದು ಗೆರೆಗೆ ಬದಲಿ. ಕೊಯ್ಯಬೇಕಾದ ಉದ್ದಕ್ಕೆ ಸ್ಟಾಪರ್ ಇಡುತ್ತೇವೆ, ಮರದ ತುದಿ ಅದಕ್ಕೆ ತಾಗಿದರೆ ಅಳತೆ ಸರಿ. ಸ್ಟಾಪರ್ ಇರುವ ಕಡೆಯ ತುಂಡಿಗೆ ಕ್ಲ್ಯಾಂಪ್ ಬಿಗಿಯಬೇಕು, ಇನ್ನೊಂದು ಕಡೆಯ ತುಂಡಿಗೆ ಯಾವ ಅಡ್ಡವೂ ಇರಬಾರದು. ಎರಡೂ ಕಡೆ ಅಡ್ಡ ಕೊಟ್ಟರೆ ಕೊಯ್ದ ತುಂಡು ಬ್ಲೇಡಿಗೆ ಸಿಕ್ಕಿ ಹಾರುತ್ತದೆ. ಇನ್ನು ಸೂಕ್ಷ್ಮ ಅಳತೆ. ಅಮೆರಿಕದ ಅಂಧ ಬಡಗಿಗಳು ಕ್ಲಿಕ್ ರೂಲ್ ಎಂಬ ಅಳತೆಗೋಲು ಬಳಸುತ್ತಾರೆ. ಅದು ಅಂಗುಲದ 16ನೇ ಒಂದು ಭಾಗಕ್ಕೊಮ್ಮೆ ಟಿಕ್ ಎನ್ನುತ್ತದೆ. ಅಂಗುಲಕ್ಕೆ 8 ನೂಲು ಎನ್ನುವ ನಮ್ಮ ಬಡಗಿಗಳ ಲೆಕ್ಕದಲ್ಲಿ ಅದು ಅರ್ಧ ನೂಲು. ನಾನು ಎಸ್‌ಜೆಪಿ ರಸ್ತೆಯಿಂದ 6 ಮಿ.ಮೀ. ದಪ್ಪದ ಥ್ರೆಡ್ ರಾಡ್ ತಂದೆ. ಸಾಮಾನ್ಯವಾಗಿ ಸಿಗುವ ಎಂ-6 ರಾಡಿನಲ್ಲಿ ನಟ್ ಒಂದು ಸುತ್ತು ತಿರುಗಿದರೆ ಸರಿಯಾಗಿ 1 ಮಿ.ಮೀ. ಸರಿಯುತ್ತದೆ. ನಟ್ಟಿನ ಒಂದು ಮೂಲೆಗೆ ಅರದಿಂದ ಗುರುತು ಮಾಡಿದೆ. 15 ಮಿ.ಮೀ. ಬೇಕಾದರೆ 15 ಸುತ್ತು. ಅಪ್ಪ ಬೆರಳಲ್ಲೇ ಎಣಿಸುತ್ತಾರೆ. ಖರ್ಚು ಒಂದು ಮಸಾಲೆ ದೋಸೆಯಷ್ಟೂ ಆಗಲಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ಬ್ಲೇಡಿನ ಹತ್ತಿರ ಕೈ ಹೋಗಬೇಕಾದರೆ ಪ್ಲಗ್ ಜೇಬಿನಲ್ಲಿರಬೇಕು. ಸ್ವಿಚ್ ಆಫ್ ಮಾಡಿದ್ದೇನೆ ಎಂದರೆ ಸಾಲದು, ಸದ್ದು ನಿಂತಿದೆ ಎಂದರೂ ಸಾಲದು. ಅವತ್ತು ಕರೆಂಟ್ ಹೋದಾಗ ಶೆಡ್ಡು ನಿಶ್ಶಬ್ದವಾಗಿತ್ತು, ಅಪಾಯ ಮಾತ್ರ ಅಲ್ಲೇ ಇತ್ತು. ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಜೇಬನ್ನು ಒಮ್ಮೆ ತಟ್ಟಿ ನೋಡಿ, ಆಮೇಲೆ ಬ್ಲೇಡಿನ ಕಡೆ ಕೈ. ಜೇಬಿನಲ್ಲಿರುವ ಪ್ಲಗ್ಗಿಗೆ ಯಾರೂ ಕರೆಂಟ್ ಕೊಡಲಾರರು.

ಇವೆಲ್ಲ ಸೇರಿ ಒಂದು ಕ್ರಮವಾಗಿದೆ. ಪ್ಲಗ್ ಜೇಬಿನಲ್ಲಿರುವಾಗ ಸ್ಟಾಪರ್ ಇಟ್ಟು, ಮರ ಕೂರಿಸಿ, ಕ್ಲ್ಯಾಂಪ್ ಬಿಗಿದು, ಮರವನ್ನು ಅಲುಗಾಡಿಸಿ ನೋಡುತ್ತಾರೆ. ನಿಂತ ಬ್ಲೇಡನ್ನು ಕೆಳಗಿಳಿಸಿ ಹಲ್ಲು ಮರದ ಮೇಲೆ ಎಲ್ಲಿ ಕೂರುತ್ತದೆ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬೆಂಚಿನ ಮೇಲೆ ಉಳಿ, ಮೊಳೆ ಏನೂ ಉಳಿದಿಲ್ಲ ಎಂದು ಸವರಿ ನೋಡುತ್ತಾರೆ. ಆಮೇಲೆ ಪ್ಲಗ್ ಹಾಕಿ, ಎಡಗೈ ಗೂಟಕ್ಕೆ, ಬಲಗೈ ಹಿಡಿಗೆ. ಸ್ವಿಚ್ ಒತ್ತಿ, ಸದ್ದು ಏರಿ ಒಂದೇ ಸಮ ಆಗುವವರೆಗೆ ಕಾಯುತ್ತಾರೆ. ನಿಧಾನವಾಗಿ ಇಳಿಸುತ್ತಾರೆ. ಮರ ತುಂಡಾದ ಕ್ಷಣ ಸದ್ದು ಹಗುರಾಗುತ್ತದೆ. ಆಗ ಸ್ವಿಚ್ ಬಿಡುತ್ತಾರೆ, ಬ್ಲೇಡನ್ನು ಮಾತ್ರ ಕೆಳಗೇ ಹಿಡಿದಿರುತ್ತಾರೆ. ಅದು ಪೂರ್ತಿ ನಿಲ್ಲಲು ಎಷ್ಟು ಸೆಕೆಂಡು ಬೇಕೆಂದು ನಾನು ಮೊಬೈಲಿನಲ್ಲಿ ಅಳೆದಿದ್ದೆ. ಅಪ್ಪ ಅದರ ಎರಡರಷ್ಟು ಎಣಿಸುತ್ತಾರೆ. ಹಿಡಿಯಲ್ಲಿ ನಡುಕ ನಿಂತದ್ದನ್ನು ಗಮನಿಸಿ ಬ್ಲೇಡ್ ಮೇಲೆತ್ತಿ, ಪ್ಲಗ್ ಕಿತ್ತು, ಜೇಬಿಗೆ ಹಾಕಿ, ತಟ್ಟಿ, ಆಮೇಲೆ ತುಂಡು ಎತ್ತಿಕೊಳ್ಳುತ್ತಾರೆ.

ಸಣ್ಣಪುಟ್ಟ ನಿಯಮಗಳೂ ಇವೆ. ಹೆಗಲ ಮೇಲೆ ಟವೆಲ್ ಇಲ್ಲ, ಲುಂಗಿ ಇಲ್ಲ, ಸಡಿಲ ತೋಳಿನ ಅಂಗಿ ಇಲ್ಲ. ಕೈಗವಸು ಹಾಕುವುದಿಲ್ಲ, ಅದರ ದಾರ ಬ್ಲೇಡಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಾಣದ ಕಣ್ಣಿಗೂ ಚಕ್ಕೆ ಬಡಿದರೆ ನೋವಾಗುತ್ತದೆ. ಧೂಳಿಗೆ ಮಾಸ್ಕ್. ಕಿವಿಗೆ ಮುಚ್ಚಳ ಹಾಕುವ ವಿಷಯದಲ್ಲಿ ಜಗಳವೇ ಆಯಿತು. ಸದ್ದು ಕೇಳದಿದ್ದರೆ ಹೇಗೆ ಎಂದರು. ಮುಚ್ಚಳ ಹಾಕಿದರೂ ಸದ್ದಿನ ಏರಿಳಿತ ಸಾಕಷ್ಟು ಕೇಳುತ್ತದೆ, ಹಾಕದಿದ್ದರೆ ಇರುವ ಕಿವಿಯೂ ಹೋಗುತ್ತದೆ ಎಂದೆ. ಈಗ ಹಾಕುತ್ತಾರೆ. ಕೊಯ್ಯುವಾಗ ರೇಡಿಯೋ ಬಂದ್. ಶೆಡ್ಡಿನಲ್ಲಿ ಯಾವ ವಸ್ತುವನ್ನೂ ನಾವು ಸರಿಸುವಂತಿಲ್ಲ. ಒಳಗೆ ಬರುವವರು ಬಾಗಿಲಲ್ಲೇ ನಿಂತು, ಮಷೀನ್ ನಿಂತ ಮೇಲೆ ಕೂಗಿ, ‘ಬಾ’ ಎಂದ ಮೇಲೆಯೇ ಬರಬೇಕು. ಮೈ ಮುಟ್ಟಿ ಕರೆಯಬಾರದು. ಅಮ್ಮನ ಕಾಫಿಗೂ ಇದೇ ನಿಯಮ.

ಅಪ್ಪ ಇದನ್ನು ಒಂದೇ ದಿನದಲ್ಲಿ ಶುರು ಮಾಡಲಿಲ್ಲ. ಮೊದಲ ಎರಡು ತಿಂಗಳು ಬ್ಲೇಡೇ ಇಲ್ಲದ ಮಷೀನಿನಲ್ಲಿ ಕ್ರಮ ಅಭ್ಯಾಸ ಮಾಡಿದರು. ಆಮೇಲೂ ಬಹಳ ದಿನ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಎಲ್ಲ ಕೆಲಸವನ್ನೂ ಅವರು ಮಾಡುವುದಿಲ್ಲ. ಉದ್ದಕ್ಕೆ ಸೀಳುವುದನ್ನು ಸಾಮಿಲ್ಲಿನಲ್ಲೇ ಮಾಡಿಸಿಕೊಂಡು ಬರುತ್ತೇವೆ. ಒಂದೂವರೆ ಅಡಿಗಿಂತ ಚಿಕ್ಕ ತುಂಡು ಮಷೀನಿಗಿಲ್ಲ, ಅದಕ್ಕೆ ಕೈಗರಗಸ. ಮೈ ಸರಿಯಿಲ್ಲದ ದಿನ, ಸಿಟ್ಟು ಬಂದ ದಿನ ಶೆಡ್ಡಿಗೆ ಹೋಗುವುದಿಲ್ಲ. ಮಕ್ಕಳೇ, ಇದನ್ನು ಕೇಳಿ ಯಾರೂ ಕಣ್ಣುಮುಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ. ಅಪ್ಪನ ಕೈಗೆ ನಲವತ್ತು ವರ್ಷದ ಅನುಭವವಿದೆ.

ನಾವೇನೋ ಹೊಸದನ್ನು ಕಂಡುಹಿಡಿದೆವು ಎಂದು ಮೊದಲು ನನಗೆ ಜಂಬವಿತ್ತು. ಓದಿದ ಮೇಲೆ ಇಳಿಯಿತು. 1915ರಲ್ಲೇ ಲಂಡನ್ನಿನಲ್ಲಿ ಆರ್ಥರ್ ಪಿಯರ್ಸನ್ ಎಂಬ ಪತ್ರಿಕೆಯ ಮಾಲೀಕರು ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆ ತೆರೆದರು. ಅಲ್ಲಿ ಕಲಿಸುತ್ತಿದ್ದ ಕಸುಬುಗಳಲ್ಲಿ ಮರಗೆಲಸವೂ ಒಂದು. ಪಿಯರ್ಸನ್ ಅವರ ಕಣ್ಣು ಹೋಗಿದ್ದು ಗ್ಲಾಕೋಮಾದಿಂದಲೇ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ನಮ್ಮ ಸೈನಿಕರಿಗಾಗಿ ಡೆಹ್ರಾಡೂನಿನಲ್ಲಿ ಅದೇ ಹೆಸರಿನ ಕೇಂದ್ರವಿತ್ತು. 1950ರಲ್ಲಿ ಅಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರ ಶುರುವಾಯಿತು. ಅಮೆರಿಕದಲ್ಲಿ ಜಾರ್ಜ್ ವುರ್ಟ್ಜೆಲ್ ಎಂಬ ಅಂಧ ಬಡಗಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಇತರ ಅಂಧರಿಗೆ ಮರಗೆಲಸ ಕಲಿಸಿದ್ದಾರೆ. ಬೆರಳು ತಾಗಿದ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುವ ಗರಗಸವನ್ನೂ ಅಮೆರಿಕದ ಸ್ಟೀವ್ ಗ್ಯಾಸ್ ರೂಪಿಸಿದ್ದಾರೆ. ಅದು ತುಂಬ ದುಬಾರಿ, ನಮ್ಮ ಕೈಗೆ ಎಟುಕದು. ಪ್ಲಗ್ ಕಿತ್ತು ಜೇಬಿಗೆ ಹಾಕಲು ಮಾತ್ರ ದುಡ್ಡು ಬೇಡ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರಿಗಾದರೂ ಕಣ್ಣು ಹೋದರೆ ಜಗಲಿಯ ಮೇಲೆ ಕೂರಿಸಿಬಿಡಬೇಡಿ. ಬಿಳಿ ಕೋಲು ಹಿಡಿದು ನಡೆಯುವುದರಿಂದ ಹಿಡಿದು ಕಂಪ್ಯೂಟರ್‌ವರೆಗೆ ಕಲಿಯಲು ದಾರಿಯಿದೆ. ಮಿತ್ರಜ್ಯೋತಿ, ಸಮರ್ಥನಂ ನಮ್ಮ ಪಕ್ಕದ ಎಚ್‌ಎಸ್‌ಆರ್ ಬಡಾವಣೆಯಲ್ಲೇ ಇವೆ. ಜೀವನ್ ಬಿಮಾ ನಗರದಲ್ಲಿ ರಾಷ್ಟ್ರೀಯ ಅಂಧರ ಸಂಘದ ಕರ್ನಾಟಕ ಶಾಖೆಯಿದೆ. ಅಪ್ಪನ ಏಳು ತಿಂಗಳನ್ನು ನಾನು ವಾಪಸು ಕೊಡಲಾರೆ. ನನಗಿದ್ದದ್ದು ಪ್ರೀತಿಯೇ, ಭಯವೇ. ಆದರೂ ಅವರ ಶೆಡ್ಡಿಗೆ ಬೀಗ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಬೇಕಿತ್ತು.

ಕೊನೆಯದಾಗಿ ಒಂದು ಲೆಕ್ಕ ಒಪ್ಪಿಸಬೇಕು. ಈ ಮಹೋತ್ಸವಕ್ಕೆಂದು ಶಾಲೆಯ ಹನ್ನೆರಡು ಹಳೆಯ ಬೆಂಚುಗಳಿಗೆ ಹೊಸ ಕಾಲು ಹಾಕಿಕೊಡುವ ಕೆಲಸವನ್ನು ಅಪ್ಪ ಒಪ್ಪಿಕೊಂಡಿದ್ದರು. ಹನ್ನೊಂದನ್ನು ಅವರೇ ಮಾಡಿದರು. ಒಂದನ್ನು ನಾನು ಮಾಡುತ್ತೇನೆ ಎಂದು ಹಟ ಹಿಡಿದು, ಸ್ಟಾಪರ್ ಏಕೆ, ಗೆರೆ ಕಾಣುತ್ತದಲ್ಲ ಎಂದು ಕಣ್ಣಳತೆಯಲ್ಲಿ ಕೊಯ್ದೆ. ಒಂಬತ್ತನೇ ತರಗತಿಯಲ್ಲಿ ಯಾವುದಾದರೂ ಬೆಂಚು ಅಲುಗಾಡಿದರೆ ದಯವಿಟ್ಟು ಅಪ್ಪನನ್ನು ಬೈಯಬೇಡಿ. ಅದು ನನ್ನದು. ಮುಂದಿನ ಭಾನುವಾರ ಅಪ್ಪ ಬಂದು ಸರಿಮಾಡುತ್ತಾರಂತೆ, ನಾನು ಚೀಲ ಹೊತ್ತುಕೊಂಡು ಬರುತ್ತೇನೆ.